ತೂಗದ ಚೀಲಗಳು

ನನ್ನ ಅಪ್ಪ ಅಮೃತಪ್ಪ ಕದ್ದು ನೀರು ಕುಡಿಯುತ್ತಾನೆ ಎಂದು ಮನೆಯಲ್ಲಿ ಎಲ್ಲರೂ ನಂಬಿದ್ದರು. ಅವ್ವ ನಂಬಿದ್ದಳು, ಡಾಕ್ಟರು ನಂಬಿದ್ದರು, ಕೊನೆಕೊನೆಗೆ ಅಪ್ಪನೂ ನಂಬಿದ. ನಂಬದೆ ಇದ್ದವಳು ನಾನೊಬ್ಬಳೇ. ಯಾಕೆಂದರೆ ಅವರೆಲ್ಲ ನಂಬುವುದಕ್ಕೆ ಬೇಕಾದ ಅಂಕಿಗಳನ್ನು ಬರೆದವಳು ನಾನು.

ಎರಡು ಸಾವಿರದ ನಾಲ್ಕನೇ ಇಸವಿ. ನಾವು ಹೈದರಾಬಾದಿನ ಕುಷಾಯಿಗೂಡದಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ಅಪ್ಪ ಲಿಂಗಸುಗೂರು ಕಡೆಯಿಂದ ಬಂದು ಅಲ್ಲಿನ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ವೈರ್‌ಮನ್ ಆಗಿ ದುಡಿದಿದ್ದ. ಸಕ್ಕರೆ ಕಾಯಿಲೆ ಅವನ ಎರಡೂ ಮೂತ್ರಪಿಂಡಗಳನ್ನು ತಿಂದುಹಾಕಿತ್ತು. ಯಂತ್ರದ ಡಯಾಲಿಸಿಸ್‌ಗೆ ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಬೇಕಾಗುತ್ತದೆ, ಅದರ ಬದಲು ಮನೆಯಲ್ಲೇ ಹೊಟ್ಟೆಯ ಮೂಲಕ ಮಾಡಿಕೊಳ್ಳಬಹುದು ಎಂದು ಡಾಕ್ಟರು ಹೇಳಿದಾಗ ಅಪ್ಪ ಹಿಂದುಮುಂದು ನೋಡದೆ ಒಪ್ಪಿದ. ಹೊಕ್ಕುಳದ ಪಕ್ಕ ಒಂದು ಕೊಳವೆ. ಅದರಿಂದ ಎರಡು ಲೀಟರ್ ದ್ರಾವಣ ಹೊಟ್ಟೆಯೊಳಗೆ ಹೋಗುತ್ತದೆ, ನಾಲ್ಕೈದು ಗಂಟೆ ಅಲ್ಲಿದ್ದು ಹೊಟ್ಟೆಯ ಪೊರೆಯ ಮೂಲಕ ಮೈಯ ಕಶ್ಮಲವನ್ನೂ ಹೆಚ್ಚಾದ ನೀರನ್ನೂ ಎಳೆದುಕೊಂಡು ಖಾಲಿ ಚೀಲಕ್ಕೆ ಇಳಿಯುತ್ತದೆ. ದಿನಕ್ಕೆ ನಾಲ್ಕು ಸಲ. ಹೋದದ್ದು ಎರಡು ಲೀಟರ್ ಆದರೆ ಬರುವುದು ಎರಡೂಕಾಲು ಲೀಟರ್ ಆದರೂ ಇರಬೇಕು. ಆ ಕಾಲು ಲೀಟರಿನಲ್ಲಿ ಅಪ್ಪನ ಜೀವ ಇತ್ತು.

ಚೀಲ ಬದಲಿಸುವುದನ್ನು ಅವ್ವ ಕಲಿತಿದ್ದಳು. ಅವ್ವನ ಹೆಸರು ಪಾರ್ವತೆಮ್ಮ. ಓದು ಬರಹ ಬಾರದಿದ್ದರೂ ಕೈ ತೊಳೆಯುವುದರಲ್ಲಿ, ಕೊಳವೆಯ ಮೂತಿಗೆ ಮುಚ್ಚಳ ಹಾಕುವುದರಲ್ಲಿ ನರ್ಸ್‌ಗಳೇ ಮೆಚ್ಚುವಷ್ಟು ಶುದ್ಧ. ಹಿಂದಿನ ದಿನದ ನಾಲ್ಕು ತುಂಬಿದ ಚೀಲಗಳನ್ನು ಅವಳು ಬಚ್ಚಲಲ್ಲಿ ಸಾಲಾಗಿ ಇಟ್ಟಿರುತ್ತಿದ್ದಳು. ಬೆಳಿಗ್ಗೆ ಆರು ಗಂಟೆಗೆ ಅವನ್ನು ಒಂದೊಂದಾಗಿ ತೂಗುತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ, ತೂಕ ನೋಡಿ, ಆಸ್ಪತ್ರೆಯವರು ಕೊಟ್ಟ ಚಾರ್ಟಿನಲ್ಲಿ ಬರೆದು, ಚೆಲ್ಲುವುದು ನನ್ನ ಕೆಲಸ. ನಾನು ಬಿ.ಎಸ್ಸಿ. ಮಾಡಿದವಳು. ದಿಲ್‌ಸುಖ್‌ನಗರದಲ್ಲಿ ನಾಲ್ಕು ತಿಂಗಳು ಸಾಫ್ಟ್‌ವೇರ್ ಟೆಸ್ಟಿಂಗ್ ಕಲಿತು ಕೊಂಡಾಪುರದ ಕಂಪನಿಯೊಂದರಲ್ಲಿ ಕೆಲಸ ಹಿಡಿದಿದ್ದೆ. ಅಂಕಿ ಅಂದರೆ ಭಾಗ್ಯಶ್ರೀ ಎಂದು ಮನೆಯಲ್ಲಿ ಹೆಸರು.

ಜನವರಿಯ ಚಾರ್ಟು ಪೂರ್ತಿ ನಿಜ, ಫೆಬ್ರುವರಿಯ ಮೊದಲ ಮೂರು ವಾರದ್ದೂ. ಎರಡು ಸಾವಿರದ ಮುನ್ನೂರು ಗ್ರಾಂ, ಎರಡು ಸಾವಿರದ ಇನ್ನೂರ ಎಂಬತ್ತು, ಎರಡು ಸಾವಿರದ ಇನ್ನೂರ ಐವತ್ತು. ಸ್ವಲ್ಪ ಸ್ವಲ್ಪ ಇಳಿಯುತ್ತಿತ್ತು, ಆದರೆ ಹೆದರುವಂಥದ್ದಲ್ಲ. ಫೆಬ್ರುವರಿ ಇಪ್ಪತ್ತಮೂರು, ಸೋಮವಾರ, ಮೊದಲ ಚೀಲ ಒಂದು ಸಾವಿರದ ಒಂಬೈನೂರ ಅರವತ್ತು ತೂಗಿತು. ಒಳಗೆ ಹೋದದ್ದಕ್ಕಿಂತ ಕಡಿಮೆ. ಇಳಿಸಿ ಮತ್ತೆ ತೂಗಿದೆ. ಅದೇ. ತಕ್ಕಡಿಯ ಸ್ಪ್ರಿಂಗ್ ಸಡಿಲಾಗಿರಬೇಕು ಅಂದುಕೊಂಡೆ. ಕಂಪನಿಯ ಬಸ್ಸು ಆರೂ ನಲವತ್ತಕ್ಕೆ ಬರುವುದಿತ್ತು. ಉಳಿದ ಮೂರು ಚೀಲಗಳನ್ನು ತೂಗದೆ ಚೆಲ್ಲಿದೆ, ನಾಲ್ಕು ಸಾಲುಗಳಲ್ಲಿ ಎರಡು ಸಾವಿರದ ಇನ್ನೂರರ ಮೇಲೆ ನಾಲ್ಕು ಬೇರೆ ಬೇರೆ ಅಂಕಿಗಳನ್ನು ಬರೆದೆ.

ಬೇರೆ ಬೇರೆ ಎಂದದ್ದಕ್ಕೆ ಕಾರಣವಿದೆ. ರಾಯಚೂರಿನಲ್ಲಿ ನಾನು ಓದುವಾಗ ಭೌತಶಾಸ್ತ್ರದ ಪ್ರಾಕ್ಟಿಕಲ್‌ನಲ್ಲಿ ನಾವೆಲ್ಲ ಉತ್ತರವನ್ನು ಮೊದಲು ಬರೆದು, ಅದರಿಂದ ಹಿಂದಕ್ಕೆ ಲೆಕ್ಕ ಮಾಡಿ ರೀಡಿಂಗ್ ತುಂಬುತ್ತಿದ್ದೆವು. ಲೋಲಕವನ್ನು ಆಡಿಸದೆಯೇ ಗುರುತ್ವದ ಬೆಲೆ ತೆಗೆಯುತ್ತಿದ್ದೆವು. ಒಂದೇ ಅಂಕಿ ಎರಡು ಸಲ ಬರಬಾರದು, ಅಲ್ಲಲ್ಲಿ ಒಂದು ರೀಡಿಂಗ್ ಸ್ವಲ್ಪ ತಪ್ಪಿರಬೇಕು, ರೇಖೆ ಮಾತ್ರ ನಯವಾಗಿರಬೇಕು. ಇದನ್ನು ಯಾರೂ ಮೋಸ ಎನ್ನುತ್ತಿರಲಿಲ್ಲ. ರೆಕಾರ್ಡ್ ಬರೆಯುವುದು ಎನ್ನುತ್ತಿದ್ದರು. ನನಗೆ ಆ ಕೆಲಸದಲ್ಲಿ ಇಪ್ಪತ್ತಕ್ಕೆ ಇಪ್ಪತ್ತು.

ಮುಂದಿನ ಭೇಟಿಯಲ್ಲಿ ಡಾಕ್ಟರು ಚಾರ್ಟಿನ ಮೇಲೆ ಬೆರಳಾಡಿಸಿ ಚೆನ್ನಾಗಿದೆ ಎಂದರು. ಅಪ್ಪ ನನ್ನ ಕಡೆ ನೋಡಿ ನಕ್ಕ. ಅಂದಿನಿಂದ ನಾನು ತೂಗುವುದನ್ನೇ ಬಿಟ್ಟೆ. ಸೋಮಾರಿತನವಲ್ಲ ಅದು. ತಕ್ಕಡಿಯ ಮುಳ್ಳು ಎಲ್ಲಿ ನಿಲ್ಲುತ್ತದೋ ನೋಡಲಾರೆ. ನೋಡದಿದ್ದರೆ ಅದು ಎಲ್ಲೂ ನಿಂತಿಲ್ಲ. ವಿಚಿತ್ರವೆಂದರೆ ಆಫೀಸಿನಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವಾಗ ನಾನು ಒಂದೇ ಒಂದು ಸುಳ್ಳು ಪಾಸ್ ಬರೆದವಳಲ್ಲ. ಅಲ್ಲಿ ಫೇಲ್ ಬಂದರೆ ಸಾಯುವವರು ಯಾರೂ ಇರಲಿಲ್ಲ.

ಮಾರ್ಚ್ ಕೊನೆಗೆ ಅಪ್ಪನ ಪಾದಗಳು ಬಾತುಕೊಂಡವು. ಏಪ್ರಿಲ್‌ನಲ್ಲಿ ಮುಖ. ಡಾಕ್ಟರು ಚಾರ್ಟ್ ನೋಡಿದರು, ಪಾದ ಒತ್ತಿ ನೋಡಿದರು. ಹೊರಗೆ ಇಷ್ಟು ಬರುತ್ತಿದ್ದರೂ ಬಾವು ಇದೆ ಎಂದರೆ ಒಳಗೆ ಅದಕ್ಕಿಂತ ಹೆಚ್ಚು ಹೋಗುತ್ತಿದೆ ಎಂದು ಅರ್ಥ, ಇನ್ನು ದಿನಕ್ಕೆ ಅರ್ಧ ಲೀಟರ್ ನೀರು, ಅದರಲ್ಲೇ ಚಹಾ, ಮಜ್ಜಿಗೆ, ಗುಳಿಗೆ ಎಲ್ಲ ಎಂದು ಕಟ್ಟುನಿಟ್ಟಾಗಿ ಹೇಳಿದರು. ಅವರ ತರ್ಕದಲ್ಲಿ ತಪ್ಪಿರಲಿಲ್ಲ. ಆ ಅಂಕಿಗಳನ್ನು ಕೊಟ್ಟರೆ ಯಾರಾದರೂ ಅದನ್ನೇ ಹೇಳುತ್ತಿದ್ದರು.

ಹೈದರಾಬಾದಿನ ಏಪ್ರಿಲ್ ಅದು. ಅಪ್ಪ ಅಳತೆಯ ಲೋಟದಲ್ಲಿ ನೀರು ಹಿಡಿದುಕೊಂಡು ತುಟಿ ಒದ್ದೆ ಮಾಡಿಕೊಳ್ಳುತ್ತಿದ್ದ. ನಾಲಿಗೆ ಒಣಗಿ ಮಾತು ಅಂಟಂಟಾಗುತ್ತಿತ್ತು. ಆದರೂ ಬಾವು ಏರುತ್ತಲೇ ಇತ್ತು. ಅವ್ವನಿಗೆ ಅನುಮಾನ ಬಲಿಯಿತು.

"ನಿಮ್ಮ ಮಗಳು ದಿನಾ ಬರದು ಇಡತಾಳ. ಬರೋಬ್ಬರಿ ಹೊರಗ ಬರಾಕತ್ತೈತಿ. ಮತ್ತ ಈ ಕಾಲು ಎದರಿಂದ ಬಾತಾವ ಹೇಳ್ರಿ, ಗಾಳಿ ಕುಡದಾ?"

"ಕುಡದಿಲ್ಲ ಅಂದ್ನಿ. ಇನ್ನೆಷ್ಟ ಸಲ ಹೇಳ್ಲಿ?"

"ಇಪ್ಪತ್ತು ವರ್ಷ ಬೀಡಿ ಸೇದಿಲ್ಲ ಅಂತನೂ ಹಿಂಗ ಹೇಳಿದ್ರಿ."

ಅಪ್ಪ ನನ್ನ ಕಡೆ ನೋಡಿದ, ಸಾಕ್ಷಿ ಹೇಳು ಎನ್ನುವ ಹಾಗೆ. ನಾನು ಊಟದ ತಟ್ಟೆ ಎತ್ತಿಕೊಂಡು ಬಚ್ಚಲಿಗೆ ಹೋದೆ.

ಆ ತಿಂಗಳು ಆಫೀಸಿನಲ್ಲಿ ವರ್ಷದ ಮೌಲ್ಯಮಾಪನ. ನಮೂನೆಯ ಕೊನೆಯಲ್ಲಿ ಒಂದು ಕಾಲಂ: ನಿಮ್ಮ ದೌರ್ಬಲ್ಯ ಯಾವುದು, ಅದನ್ನು ತಿದ್ದಿಕೊಳ್ಳಲು ನಿಮ್ಮ ಯೋಜನೆ ಏನು. ನಾನು ಅದನ್ನು ಖಾಲಿ ಬಿಟ್ಟಿದ್ದೆ. ನಮ್ಮ ಟೀಮ್ ಲೀಡ್ ಸತೀಶ, ಬೀದರ ಕಡೆಯವನು, ಹಾಳೆ ನೋಡಿ ನಕ್ಕ. "ಖರೇ ಬರೀಬ್ಯಾಡ್ರಿ ಮೇಡಂ, ಅವರು ಖರೇ ನಂಬಿಬಿಡ್ತಾರ. ಭಾಳ ನಿಖರ ಇರ್ತೀನಿ, ಅದಕ್ಕ ಜರಾ ತಡಾ ಆಗ್ತದ ಅಂತ ಬರೀರಿ. ನಾ ಮೂರು ವರ್ಷದಿಂದ ಅದನ್ನೇ ಬರ್ಯಾಕತ್ತೀನಿ." ಎಲ್ಲರೂ ಹಾಗೇ ಬರೆದರು. ನಾನೂ ಬರೆದೆ. ಭಾಗ್ಯಶ್ರೀ, ದೌರ್ಬಲ್ಯ: ಅತಿಯಾದ ನಿಖರತೆ.

ಮರುದಿನ ಬೆಳಿಗ್ಗೆ, ಎರಡು ತಿಂಗಳ ಮೇಲೆ, ಚೀಲಗಳನ್ನು ತೂಗಿದೆ. ಸರಾಸರಿ ಒಂದು ಸಾವಿರದ ಎಂಟುನೂರ ತೊಂಬತ್ತು. ಚಾರ್ಟಿನಲ್ಲಿ ಹಿಂದಿನ ದಿನ ನಾನು ಬರೆದದ್ದು ಎರಡು ಸಾವಿರದ ಮುನ್ನೂರು.

ಅಲ್ಲೇ ಹೋಗಿ ಹೇಳಬೇಕಿತ್ತು. ಬದಲಿಗೆ ನಾನು ಕುಳಿತು ಲೆಕ್ಕ ಹಾಕಿದೆ. ಇಂದು ನಿಜ ಬರೆದರೆ ಒಂದೇ ದಿನದಲ್ಲಿ ನಾನೂರ ಹತ್ತು ಇಳಿದಂತೆ ಕಾಣುತ್ತದೆ. ಅಂಥ ಇಳಿತವನ್ನು ಯಾವ ಡಾಕ್ಟರೂ ನಂಬುವುದಿಲ್ಲ. ನಂಬದಿದ್ದರೆ ಹಿಂದಿನದನ್ನು ಕೆದಕುತ್ತಾರೆ. ದಿನಕ್ಕೆ ನಲವತ್ತರಂತೆ ಇಳಿಸುತ್ತ ಹೋದರೆ ಹತ್ತು ದಿನಗಳಲ್ಲಿ ನನ್ನ ಸುಳ್ಳು ನಿಜದ ಬಳಿಗೆ ಬಂದು ಸೇರುತ್ತದೆ. ಆಮೇಲೆ ಎಂದೆಂದಿಗೂ ಕಂಡದ್ದನ್ನೇ ಬರೆಯುವುದು. ನಿಜವಾದ ಅಂಕಿಗಳನ್ನು ಡೈರಿಯ ಹಿಂಬದಿಯ ಪುಟದಲ್ಲಿ ಬೇರೆ ಬರೆದಿಟ್ಟುಕೊಂಡೆ. ನಾನು ತಿದ್ದಿಕೊಳ್ಳುತ್ತಿದ್ದೇನೆ ಎನಿಸಿತು. ದಿನವೂ ಕೊಕ್ಕೆಗೆ ಚೀಲ ಹಾಕುತ್ತಿದ್ದೆ, ಮುಳ್ಳನ್ನು ಕಣ್ಣು ತೆರೆದು ನೋಡುತ್ತಿದ್ದೆ. ಹೇಳಿಕೊಳ್ಳಲು ನಾಚಿಕೆ, ಆ ವಾರ ನನಗೆ ನನ್ನ ಬಗ್ಗೆ ಒಂದು ಬಗೆಯ ಹೆಮ್ಮೆ ಇತ್ತು. ಸುಳ್ಳನ್ನು ಬಿಡುವಾಗಲೂ ರೇಖೆಯನ್ನು ನಯವಾಗಿಡುತ್ತಿದ್ದೇನೆ ಎಂಬುದು ನನಗೆ ಹೊಳೆಯಲೇ ಇಲ್ಲ.

ಐದನೆಯ ದಿನ ಅಪ್ಪನಿಗೆ ಅಂಗಾತ ಮಲಗಲು ಆಗಲಿಲ್ಲ. ಗೋಡೆಗೆ ದಿಂಬು ಒರಗಿಸಿ ಕುಳಿತೇ ನಿದ್ದೆ ಮಾಡಿದ. ಆರನೆಯ ದಿನ ಸಂಜೆ ನಾನು ಆಫೀಸಿನಿಂದ ಬಂದಾಗ ಅವನು ಅವ್ವನನ್ನು ಕರೆದ. ದನಿ ತಗ್ಗಿತ್ತು, ಒಂದೊಂದು ಮಾತಿಗೂ ಉಸಿರು ತೆಗೆದುಕೊಳ್ಳುತ್ತಿದ್ದ.

"ಪಾರ್ವತೀ, ಇವತ್ತಿಂದ ಅಡಗಿಮನಿಗೆ ಕೀಲಿ ಹಾಕು."

ಅವ್ವ ಯಾಕೆ ಎಂದಳು.

"ನಿದ್ದಿಗಣ್ಣಾಗ ಎದ್ದು ಕುಡಿಯಾಕತ್ತೀನೇನೋ. ನನಗ ನೆನಪಿರಂಗಿಲ್ಲ. ಭಾಗ್ಯಾನ ಲೆಕ್ಕ ತಪ್ಪಂಗಿಲ್ಲ. ನನ್ನ ಮ್ಯಾಲ ನನಗ ಖಾತ್ರಿ ಇಲ್ಲ."

ಅವ್ವನ ಮುಖದಲ್ಲಿ ಗೆದ್ದ ಭಾವ ಇರಲಿಲ್ಲ. ಬೀಗ ಹುಡುಕಲು ಎದ್ದು ಹೋದಳು. ನಾನು ಬಾಗಿಲಲ್ಲಿ ನಿಂತು ಲೆಕ್ಕ ಹಾಕಿದೆ: ಇನ್ನು ನಾಲ್ಕು ದಿನ. ಈ ವಾಕ್ಯವನ್ನು ಬರೆಯುವುದು ನನಗೆ ಉಳಿದೆಲ್ಲಕ್ಕಿಂತ ಕಷ್ಟ, ಆದರೆ ನಡೆದದ್ದು ಹಾಗೆಯೇ. ಅಪ್ಪ ತನ್ನ ಮೇಲೆ ತಾನೇ ಕಾವಲು ಹಾಕಿಸಿಕೊಳ್ಳುತ್ತಿದ್ದ, ನಾನು ಇನ್ನು ನಾಲ್ಕು ದಿನ ಅಂದುಕೊಂಡೆ.

ನಾಲ್ಕು ದಿನ ಸಿಗಲಿಲ್ಲ. ಮರುದಿನ ಬೆಳಿಗ್ಗೆ ನಾನು ಏಳನೆಯ ದಿನದ ಅಂಕಿಯನ್ನು ಡೈರಿಯಲ್ಲಿ ಬರೆದು ಹೊರಬರುವಷ್ಟರಲ್ಲಿ ಅಪ್ಪನ ತುಟಿ ನೀಲಿಯಾಗಿತ್ತು. ಆಟೋದಲ್ಲಿ ನಮ್ಮಿಬ್ಬರ ನಡುವೆ ಕೂಡಿಸಿಕೊಂಡು ಆಸ್ಪತ್ರೆಗೆ ಹೋದೆವು. ಅವ್ವನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ನನ್ನನ್ನು ಒಳಗೆ ಬಿಟ್ಟರು. ಆಮ್ಲಜನಕದ ಮುಖವಾಡ ಹಾಕಿದರು. ಡಾಕ್ಟರು ಚಾರ್ಟ್ ಕೇಳಿದರು, ಕೊಟ್ಟೆ. ಅವರು ತೆಲುಗಿನವರು, ಅಪ್ಪನ ಜೊತೆ ಹಿಂದಿಯಲ್ಲಿ ಮಾತಾಡುತ್ತಿದ್ದರು. ಈಚೆಗೆ ಸ್ವಲ್ಪ ಇಳಿದಿದೆ, ಆದರೂ ಎರಡು ಸಾವಿರದ ಮೇಲೇ ಇದೆ, ಹೇಳು ಯಜಮಾನ, ದಿನಕ್ಕೆ ಎಷ್ಟು ನೀರು ಕುಡಿಯುತ್ತೀ, ಬೈಯುವುದಿಲ್ಲ ಎಂದು ಕೇಳಿದರು. ಅಪ್ಪ ಮುಖವಾಡ ಸರಿಸಿದ. ಕುಡಿಯುತ್ತಿರಬೇಕು ಸಾಹೇಬ್, ನಿದ್ದೆಯಲ್ಲಿ, ಗೊತ್ತಾಗುವುದಿಲ್ಲ, ಕ್ಷಮಿಸಿ ಎಂದು ಕೈ ಜೋಡಿಸಿದ.

ಬಾತ ಕೈಗಳು. ಬೆರಳು ಬೆರಳಿಗೆ ಸರಿಯಾಗಿ ಕೂಡುತ್ತಿರಲಿಲ್ಲ.

"ಅಪ್ಪಾ, ನೀ ಕುಡದಿಲ್ಲ," ಅಂದೆ. "ನಾ ಚೀಲ ತೂಗಿಲ್ಲ. ಫೆಬ್ರುವರಿಯಿಂದ ಎರಡು ತಿಂಗಳು ತೂಗಿಲ್ಲ. ಬರದಿದ್ದೆಲ್ಲಾ ನನ್ನ ಮನಸಿನ್ಯಾಗಿಂದು."

ಕನ್ನಡದಲ್ಲಿ ಹೇಳಿದ್ದರಿಂದ ಡಾಕ್ಟರಿಗೆ ತಿಳಿಯಲಿಲ್ಲ. ಏನು ಎಂದರು. ಹಿಂದಿಯಲ್ಲಿ ಇನ್ನೊಮ್ಮೆ ಹೇಳಬೇಕಾಯಿತು. ಎರಡನೆಯ ಸಲ ಸುಲಭವಾಗುತ್ತದೆ ಎನ್ನುತ್ತಾರೆ. ಆಗಲಿಲ್ಲ.

ಅವರು ಬೈಯಲಿಲ್ಲ. ಚಾರ್ಟನ್ನು ಮೇಜಿನ ಮೇಲಿಟ್ಟು, ಯಾವ ತಾರೀಖಿನಿಂದ ಸುಳ್ಳು ಎಂದು ಕೇಳಿದರು. ಯಾಕೆ ಮುಖ್ಯ ಎಂದೂ ಹೇಳಿದರು. ಈ ಹತ್ತು ದಿನಗಳಲ್ಲಿ ಒಮ್ಮೆಗೇ ಕಡಿಮೆಯಾಗಿದ್ದರೆ ಕೊಳವೆ ಜಾಗ ಬಿಟ್ಟು ಸರಿದಿರಬಹುದು, ಅದನ್ನು ಸರಿಮಾಡಬಹುದು. ತಿಂಗಳುಗಳಿಂದ ನಿಧಾನಕ್ಕೆ ಕಡಿಮೆಯಾಗುತ್ತ ಬಂದಿದ್ದರೆ ಹೊಟ್ಟೆಯ ಪೊರೆಯೇ ಸೋಲುತ್ತಿದೆ. ಮಾರ್ಚಿನಲ್ಲೇ ತಿಳಿದಿದ್ದರೆ ಹೆಚ್ಚು ನೀರೆಳೆಯುವ ಗಾಢ ದ್ರಾವಣದ ಚೀಲ ಕೊಟ್ಟು ನೋಡುತ್ತಿದ್ದೆ ಎಂದರು. ಅದರಿಂದ ಪೊರೆ ಉಳಿಯುತ್ತಿತ್ತೇ ಎಂದು ಕೇಳಿದೆ. ಹೇಳಲಾಗದು ಎಂದರು.

ಚಾರ್ಟನ್ನು ನನ್ನ ಕಡೆ ತಳ್ಳಿ ಪೆನ್ನು ಕೊಟ್ಟರು. ನಿಜವಲ್ಲದ್ದನ್ನೆಲ್ಲ ಹೊಡೆದು ಹಾಕು.

ನಿಂತುಕೊಂಡೇ ಹೊಡೆಯುತ್ತ ಹೋದೆ. ಫೆಬ್ರುವರಿಯ ಕೊನೆಯ ವಾರ, ಇಡೀ ಮಾರ್ಚ್, ಇಡೀ ಏಪ್ರಿಲ್. ಎಷ್ಟು ಅಚ್ಚುಕಟ್ಟಾದ ಅಕ್ಷರ. ಫೆಬ್ರುವರಿ ಇಪ್ಪತ್ತಮೂರರ ಮೊದಲ ಸಾಲನ್ನು ಹೊಡೆದು ಪಕ್ಕದಲ್ಲಿ ಒಂದು ಸಾವಿರದ ಒಂಬೈನೂರ ಅರವತ್ತು ಎಂದು ಬರೆದೆ. ಬರೆಯದೆ ಬಿಟ್ಟ ಆ ಅಂಕಿ ಒಂದು ದಿನವೂ ನನ್ನನ್ನು ಬಿಟ್ಟಿರಲಿಲ್ಲ. ಆಮೇಲೆ ಡೈರಿ ತೆಗೆದು ಹಿಂಬದಿಯ ಪುಟದ ಏಳು ಅಂಕಿಗಳನ್ನು ಇಳಿಸಿದೆ. ಒಂದು ಸಾವಿರದ ಎಂಟುನೂರ ತೊಂಬತ್ತರಿಂದ ಒಂದು ಸಾವಿರದ ಎಂಟುನೂರ ಐವತ್ತಕ್ಕೆ, ದಿನಕ್ಕೆ ಒಂದು ಚೂರು ಇಳಿಯುತ್ತ ಬಂದಿದ್ದವು.

ಡಾಕ್ಟರು ಜನವರಿಯ ಪುಟದಿಂದ ಇಲ್ಲಿಯವರೆಗೆ ಪೆನ್ನಿನ ಹಿಂತುದಿಯಿಂದ ಗಾಳಿಯಲ್ಲಿ ಒಂದು ಗೆರೆ ಎಳೆದರು. ಬಿಂದುಗಳು ಕಡಿಮೆ, ಆದರೆ ಸಾಕು. ನಿಧಾನದ ಇಳಿತ. ಕೊಳವೆಯಲ್ಲ, ಪೊರೆ. ಇನ್ನು ಇದು ನಡೆಯುವುದಿಲ್ಲ, ಕುತ್ತಿಗೆಯ ನರಕ್ಕೆ ಸೂಜಿ ಹಾಕಿ ಈಗಲೇ ಯಂತ್ರಕ್ಕೆ ಹಚ್ಚಬೇಕು, ಮುಂದೆಯೂ ವಾರಕ್ಕೆ ಮೂರು ಸಲ, ಇರುವಷ್ಟು ದಿನ ಎಂದರು. ಫೆಬ್ರುವರಿಯಿಂದ ಈಚೆಗೆ ನಾನು ಕಂಡದ್ದನ್ನು ಕಂಡ ಹಾಗೆ ಕೊಟ್ಟ ಮೊದಲ ಸಲ ಅದು, ಅದರಿಂದ ಬಂದ ಉತ್ತರ ಇದು. ಡಾಕ್ಟರು ಹೊರಗೆ ಹೋಗಿ ಯಂತ್ರ ಸಿದ್ಧಮಾಡಲು ನರ್ಸ್‌ಗೆ ಹೇಳಿದರು.

ಅಪ್ಪ ಕಣ್ಣು ಮುಚ್ಚಿದ್ದ. ನಿದ್ದೆ ಬಂದಿದೆ ಅಂದುಕೊಂಡೆ. ಮುಖವಾಡದೊಳಗಿನಿಂದ ಮಾತು ಬಂತು.

"ಹಂಗಾರ ನಾ ನಿದ್ದ್ಯಾಗ ಎದ್ದಿಲ್ಲ."

"ಇಲ್ಲಪ್ಪಾ."

"ಒಂದು ದಿನಾನೂ?"

"ಒಂದು ದಿನಾನೂ ಇಲ್ಲ."

ಅವನು ಬೈಯಲಿ, ಹೊಡೆಯಲಿ, ಹೊರಗೆ ಹೋಗು ಅನ್ನಲಿ ಎಂದು ಕಾದೆ. ಅದ್ಯಾವುದನ್ನೂ ಮಾಡಲು ಅವನಲ್ಲಿ ಗಾಳಿ ಇರಲಿಲ್ಲವೋ, ಮನಸ್ಸಿರಲಿಲ್ಲವೋ, ನನಗೆ ಇಂದಿಗೂ ಗೊತ್ತಿಲ್ಲ. ಊಹಿಸಿ ಬರೆಯುವುದಿಲ್ಲ.

"ನಿಮ್ಮವ್ವಗ ಹೇಳು," ಅಂದ. "ನಾ ಹೇಳಿದ್ರ ನಂಬಂಗಿಲ್ಲ. ನೀನ ಹೇಳು. ಈಗ."

ಹೊರಗೆ ಬಂದೆ. ಅವ್ವ ಬೆಂಚಿನ ತುದಿಯಲ್ಲಿ ಸೆರಗು ಹಿಡಿದು ಕುಳಿತಿದ್ದಳು. ನನ್ನನ್ನು ಕಂಡು ಅರ್ಧ ಎದ್ದಳು.

"ಏನಂದ್ರು? ಮತ್ತ ನೀರು ಕುಡದಾರಂತೇನು?"

ಅವಳ ಭುಜ ಹಿಡಿದು ಕೂರಿಸಿದೆ, ಪಕ್ಕದಲ್ಲಿ ಕುಳಿತೆ. ಹೇಗೆ ಹೇಳಿದರೆ ಕಡಿಮೆ ನೋಯುತ್ತದೆ ಎಂದು ಮನಸ್ಸು ಆಗಲೇ ಮಾತುಗಳನ್ನು ಜೋಡಿಸತೊಡಗಿತ್ತು, ಸ್ವಲ್ಪ ಇಲ್ಲಿ ತೆಗೆದು, ಸ್ವಲ್ಪ ಅಲ್ಲಿ ಸೇರಿಸಿ. ಅದನ್ನು ಅಲ್ಲಿಗೇ ನಿಲ್ಲಿಸಿದೆ. ಫೆಬ್ರುವರಿ ಇಪ್ಪತ್ತಮೂರರಿಂದ ಶುರು ಮಾಡಿದೆ.