ಕೆರೆಯ ಕಡೆಯ ಕಿಟಕಿ

ಕಂಡಕ್ಟರಕ್ಕ ಗಟ್ಟಿ ನೆಲದ ಮೇಲೂ ಕಾಲಗಲಿಸಿಯೇ ನಿಲ್ಲುತ್ತಿದ್ದರು. ಆಯುಷ್ಯದ ಬಹುಭಾಗವನ್ನು ತೊನೆದಾಡುವ ಬಸ್ಸಿನಲ್ಲಿ ನಿಂತೇ ಕಳೆದ ಆ ದೇಹಕ್ಕೆ, ಭೂಮಿಯೂ ಯಾವ ಕ್ಷಣದಲ್ಲಾದರೂ ಬ್ರೇಕ್ ಹಾಕೀತೆಂಬ ಅನುಮಾನ ನಿವೃತ್ತಿಯ ನಂತರವೂ ಉಳಿದಿತ್ತು; ತರಕಾರಿ ಅಂಗಡಿಯ ಮುಂದೆ ನಿಂತಾಗಲೂ ಒಂದು ಕೈ ಕಂಬವನ್ನೋ ಗೋಡೆಯನ್ನೋ ಪಕ್ಕದವರ ಭುಜವನ್ನೋ ಹಿಡಿದಿರುತ್ತಿತ್ತು. ಮಾತೂ ಹಾಗೆಯೇ. ಹಾಲಿನ ಸಾಲಿನಲ್ಲಿ ಯಾರಾದರೂ ಅಡ್ಡ ನಿಂತರೆ "ಒಳಗೆ ನಡೀರಿ, ಒಳಗೆ ಖಾಲಿ ಇದೆ" ಎಂದು ಗದರುವರು. ಬಟ್ಟಬಯಲಿನಲ್ಲಿ ಒಳಗೆ ಎಂದರೆ ಯಾವ ಕಡೆ ಎಂದು ಕೇಳುವ ಎದೆಗಾರಿಕೆ ನಮ್ಮ ಬೀದಿಯಲ್ಲಿ ಯಾರಿಗೂ ಇರಲಿಲ್ಲ. ಫೋನಿನಲ್ಲಿ ಮಾತು ಮುಗಿದರೆ "ರೈಟ್" ಎಂದು ಇಟ್ಟುಬಿಡುವರು.

ಇಷ್ಟು ದೊಡ್ಡ ಗಂಟಲಿನ ಹೆಂಗಸು ತಮಗಾಗಿ ಬಾಯಿಬಿಟ್ಟು ಏನನ್ನಾದರೂ ಕೇಳಿದ್ದನ್ನು ಮಾತ್ರ ನಾನು ಕಾಣೆ. ಮನೆಯಲ್ಲಿದ್ದವರು ಅವರೂ ಅವರ ತಮ್ಮನೂ ಇಬ್ಬರೇ. ತಮ್ಮ ಗಡಿಯಾರ ರಿಪೇರಿಯವನು, ಮೃದುಭಾಷಿ, ಉಬ್ಬಸದ ರೋಗಿ. ಅವನ ಮೇಜಿದ್ದದ್ದು ಕೆರೆಯ ಕಡೆಯ ಕಿಟಕಿಯ ಕೆಳಗೆ. ಸೂಕ್ಷ್ಮ ಕೆಲಸಕ್ಕೆ ಬೆಳಕು ಬೇಕೆಂದು ಅಕ್ಕನೇ ಮಾಡಿಕೊಟ್ಟ ಜಾಗ ಅದು. ಆದರೆ ಬಡಾವಣೆಯ ಕೊಳಚೆಯೆಲ್ಲ ಕೆರೆಗೆ ಹರಿಯತೊಡಗಿ, ನೀರು ಕಪ್ಪಾಗಿ ನೊರೆಯುಕ್ಕಿದ ಮೇಲೆ, ಕಿಟಕಿ ತೆರೆದರೆ ಅವನ ಎದೆ ಸಿಳ್ಳೆ ಹಾಕುತ್ತಿತ್ತು. ವರ್ಷಗಳಿಂದ ಅವನು ಹಾಡಹಗಲಲ್ಲೇ ಬಲ್ಬು ಉರಿಸಿಕೊಂಡು ಕೂರುತ್ತಿದ್ದ.

ಕಡೆಗೊಂದು ದಿನ ಬೀದಿಯವರೆಲ್ಲ ಸೇರಿ ಶಾಸಕರನ್ನು ಕಾಣಲು ಹೊರಟೆವು. ಕಂಡಕ್ಟರಕ್ಕ ಹಳೆಯ ಖಾಕಿ ಕೋಟನ್ನು ಇಸ್ತ್ರಿ ಮಾಡಿ ಸೀರೆಯ ಮೇಲೆ ತೊಟ್ಟು ಬಂದಿದ್ದರು. ಇದೇನಕ್ಕಾ ಎಂದರೆ, ಸ್ವಲ್ಪ ನಾಚಿ, "ಇದಿದ್ರೆ ನಂಗೆ ಮಾತು ಬರುತ್ತಪ್ಪ" ಎಂದರು.

ನಮ್ಮ ಮುಂದಾಳು ವಕೀಲರು. ಶಾಸಕರೆದುರು ನಿಂತು ಅವರು ಕೆರೆಯ ಪ್ರಾಚೀನ ವೈಭವದಿಂದಲೇ ಆರಂಭಿಸಿದರು. ವೈಭವ ಮುಗಿಯುವ ಲಕ್ಷಣ ಕಾಣಲಿಲ್ಲ. ಶಾಸಕರ ಹೆಬ್ಬೆರಳು ಮೊಬೈಲಿನ ಮೇಲೆ ಓಡಾಡತೊಡಗಿತು. ಆಗ ಹಿಂದಿನಿಂದ ಆ ಪರಿಚಿತ ಕಂಠ: "ವಕೀಲರೇ, ಸ್ವಲ್ಪ ಒಳಗೆ ಸರೀರಿ, ಬಾಗಿಲಲ್ಲೇ ನಿಂತ್ಬಿಟ್ರಲ್ಲ!"

ಕೋಣೆಯೇ ನಕ್ಕಿತು. ಶಾಸಕರೂ ನಕ್ಕು ತಲೆಯೆತ್ತಿದರು.

"ಸರ್, ನನ್ನ ತಮ್ಮಂಗೆ ಉಬ್ಬಸ. ಕಿಟಕಿ ತೆಗೆಯೋ ಹಾಗಿಲ್ಲ. ಬನ್ನಿ, ಒಂದ್ಸಲ ಅವನ ಪಕ್ಕ ಕೂತ್ಕೊಳ್ಳಿ."

"ಅಮ್ಮಾ, ಇದಕ್ಕೆಲ್ಲ ಫಂಡ್ ಬರಬೇಕು, ಮೇಲಿಂದ ಮಂಜೂರಾಗಬೇಕು…"

"ಮಾಡೋಕೆ ಫಂಡ್ ಬೇಕು, ಒಪ್ಪಿದೆ. ನೋಡೋಕೆ ಬೇಡವಲ್ಲ?"

ಎಲ್ಲರೂ ಅವರ ದಿಟ್ಟತನವನ್ನು ಮೆಚ್ಚಿದರು. ಪಕ್ಕದಲ್ಲಿದ್ದ ನನಗೆ ಮಾತ್ರ, ಬ್ರೇಕ್ ಬೀಳುವ ಬಸ್ಸಿನಲ್ಲಿದ್ದಂತೆ ಅವರು ಎರಡೂ ಕೈಗಳಿಂದ ಕುರ್ಚಿಯ ಬೆನ್ನನ್ನು ಬಿಗಿಯಾಗಿ ಹಿಡಿದು ನಿಂತಿದ್ದುದು ಕಾಣುತ್ತಿತ್ತು.

ಶಾಸಕರು ಬರುತ್ತೇನೆಂದರು, ನಾವು ಯಾರೂ ನಂಬಲಿಲ್ಲ. ಆದರೆ ಆ ವಾರದಲ್ಲೇ ಒಂದು ಬೆಳಿಗ್ಗೆ ಬಂದರು. ಇಕ್ಕಟ್ಟಾದ ಆ ಕೋಣೆಯಲ್ಲಿ, ಬಿಚ್ಚಿಟ್ಟ ಗಡಿಯಾರಗಳ ನಡುವೆ, ಇದ್ದೊಂದು ಸ್ಟೂಲಿನ ಮೇಲೆ ಕುಳಿತರು. ಕಂಡಕ್ಟರಕ್ಕ ಏನೂ ವಿವರಿಸದೆ ಕಿಟಕಿಯನ್ನು ತೆರೆದರು. ನಾತ ಗಾಳಿಗಿಂತ ಮೊದಲೇ ಒಳನುಗ್ಗಿತು. ಶಾಸಕರು ತಟ್ಟನೆ ಕರವಸ್ತ್ರವನ್ನು ಮೂಗಿಗೊತ್ತಿಕೊಂಡರು. ಮೇಜಿನ ಮುಂದಿದ್ದ ತಮ್ಮ, ಕೆಮ್ಮು ಒತ್ತರಿಸಿ ಬಂದರೂ ತಡೆದುಕೊಂಡು, ಮೆಲ್ಲಗೆ ಹೇಳಿದ:

"ಮುಚ್ಚಕ್ಕಾ. ಪಾಪ, ಅವರಿಗೆ ಅಭ್ಯಾಸ ಇಲ್ಲ."

ಶಾಸಕರು ಕರವಸ್ತ್ರವನ್ನು ಕೆಳಗಿಳಿಸಿದರು. ಆಮೇಲೆ ಎದ್ದು ತಾವೇ ಕಿಟಕಿಯನ್ನು ಮುಚ್ಚಿದರು.

ಕೆಲಸ ಆಯಿತು, ಆದರೆ ಒಂದೇ ಉಸಿರಿಗೆ ಆಗಲಿಲ್ಲ. ಕೊಳಚೆಯನ್ನು ಬೇರೆಡೆಗೆ ತಿರುಗಿಸಲು ತೋಡಿದ ಕಾಲುವೆ ಅರ್ಧಕ್ಕೇ ನಿಂತಾಗೆಲ್ಲ ಕಂಡಕ್ಟರಕ್ಕ ಶಾಸಕರ ಕಚೇರಿಗೆ ಹೋಗಿ ಕಣ್ಣಿಗೆ ಬೀಳುವಂತೆ ನಿಂತಿರುತ್ತಿದ್ದರು. ಗುಮಾಸ್ತರು ಬೇಸತ್ತು ಕಡತವನ್ನು ಮುಂದಕ್ಕೆ ತಳ್ಳುತ್ತಿದ್ದರು. ಕೆರೆ ಇಂದಿಗೂ ತಿಳಿಯಾಗಿಲ್ಲ. ಹಸಿರು ಹಸಿರಾಗಿಯೇ ಇದೆ. ಆದರೆ ನೊರೆ ಇಳಿದಿದೆ, ನಾತ ಹೋಗಿದೆ. ಮೊನ್ನೆ ಕೈಗಡಿಯಾರ ಕೊಡಲು ಹೋದಾಗ ತಮ್ಮ ತೆರೆದ ಕಿಟಕಿಯ ಬಿಸಿಲಿನಲ್ಲಿ ಕುಳಿತು ಕೆಲಸ ಮಾಡುತ್ತಿದ್ದ. ಅಕ್ಕ ಗೋಡೆಗೊರಗಿ, ಕಣ್ಣು ಮುಚ್ಚಿ, ಅವನ ಉಸಿರನ್ನು ಆಲಿಸುತ್ತಿದ್ದರು.

ಇಂಥವರನ್ನು ಲೋಕ ಗಟ್ಟಿಗಿತ್ತಿಯರೆಂದು ಕರೆದು ಸುಮ್ಮನಾಗುತ್ತದೆ. ನನಗನಿಸುವುದು, ಇವರು ಮೂಲತಃ ಅತಿ ಸಂಕೋಚದ ಜೀವಗಳು. ತಮ್ಮದೊಂದು ಸುಖಕ್ಕಾಗಿ ಯಾರ ಹೊಸ್ತಿಲನ್ನೂ ತುಳಿಯರು. ಆದರೆ ಒಲಿದ ಜೀವವೊಂದು ಕಣ್ಣೆದುರು ಏದುಸಿರು ಬಿಡುವಾಗ ಇವರ ಸಂಕೋಚವೆಲ್ಲ ಎಲ್ಲಿ ಅಡಗುತ್ತದೋ. ಅಂಜುತ್ತಂಜುತ್ತಲೇ ಹೋಗಿ ಅಧಿಕಾರದ ಬಾಗಿಲನ್ನು ತಟ್ಟಿಬಿಡುತ್ತಾರೆ. ಊರಿಗೆ ಒದಗಿದ ಎಷ್ಟೋ ಒಳಿತುಗಳ ಬುಡದಲ್ಲಿ ಹೀಗೆ ಯಾರೋ ಒಬ್ಬರು ಇನ್ನೊಬ್ಬರ ಮೇಲಿಟ್ಟ ಪ್ರೀತಿ ಇರುತ್ತದೆ. ಉಳಿದ ನಾವು ಆ ಗಾಳಿಯನ್ನು ಪುಕ್ಕಟೆಯಾಗಿ ಉಸಿರಾಡುತ್ತೇವೆ.