ಎಂಬತ್ತೆರಡನೆಯ ದಿನದ ಗಡ್ಡ

"ಏಯ್ ಮೇಕೆ! ಆ ಗಡ್ಡದಲ್ಲಿ ಹೇನು ಸಾಕಿದೀಯೇನೋ?"

ಮೇಲ್ವಿಚಾರಕ ಕ್ಲೈವ್ ಓಬೆದನ ಗಡ್ಡವನ್ನು ಪೆನ್ನಿನ ತುದಿಯಿಂದ ಎತ್ತಿ ನೋಡಿದ. ಕೈಯಲ್ಲಿ ಮುಟ್ಟಲು ಅವನಿಗೆ ಅಸಹ್ಯ. ಓಬೆದ್ ತಲೆ ಎತ್ತಲಿಲ್ಲ. ಓಡುವ ಬೆಲ್ಟಿನ ಮೇಲೆ ಬರುತ್ತಿದ್ದ ದಪ್ಪ ಮೆಣಸಿನಕಾಯಿಗಳಲ್ಲಿ ನೆಟ್ಟಗಿದ್ದುದನ್ನು ಒಂದು ಪೆಟ್ಟಿಗೆಗೆ, ಸೊಟ್ಟಗಿದ್ದುದನ್ನು ಇನ್ನೊಂದಕ್ಕೆ ಹಾಕುತ್ತಲೇ ಇದ್ದ. ಬೆಳಿಗ್ಗೆ ಆರರಿಂದ ನಿಂತು ನಮ್ಮೆಲ್ಲರ ಕಾಲು ಮರಗಟ್ಟಿತ್ತು. ಬೈಗುಳಕ್ಕೆ ತಿರುಗಿ ನೋಡುವಷ್ಟು ಕಸುವೂ ಯಾರಲ್ಲೂ ಇರಲಿಲ್ಲ.

"ಕೂದ್ಲು ಉದುರ್ದಂಗೆ ಗಡ್ಡಕ್ಕೆ ಬಲೆ ಕಟ್ಕೊಂಡವ್ನಲ್ಲ ಸಾರ್," ಎಂದೆ. ಈ ಶೆಡ್ಡಿನಲ್ಲಿರುವ ನಮ್ಮ ದ್ವೀಪದ ಹತ್ತೊಂಬತ್ತು ಗಂಡಸರಿಗೆ ನಾನೇ ಮೇಸ್ತ್ರಿ. ಬೈಗುಳ ಮೊದಲು ನನಗೆ ಬಂದು ಆಮೇಲೆ ಮಿಕ್ಕವರಿಗೆ ಹಂಚಿಕೆಯಾಗಬೇಕು. ನಾಲ್ಕು ವರ್ಷದಿಂದ ಆಸ್ಟ್ರೇಲಿಯಾದಲ್ಲಿ ನಾನು ಕಲಿತ ಕಸುಬು ಅದು.

"ಬಲೆ ಮೀನಿಗೆ ಕಣೋ. ಗುರುವಾರ ದೊಡ್ಡೋರು ಬರ್ತಾರೆ. ನಿಮ್ಮ ಸರ್ಕಾರದೋರು, ನಮ್ಮ ಸರ್ಕಾರದೋರು, ಫೋಟೋ ತೆಗೆಯೋರು. ನೀವು ಇಲ್ಲಿಗೆ ಬಂದು ನಿಮ್ಮ ಊರು ಹೆಂಗೆ ಉದ್ಧಾರ ಆಯ್ತು ಅಂತ ನೋಡೋಕೆ. ಈ ಮುಖ ಉದ್ಧಾರ ಆದೋನ ಮುಖಾನಾ? ಬೋಳಿಸು."

"ಅವ್ನ ತಾಯಿ ತೀರ್ಕೊಂಡವ್ಳೆ ಸಾರ್. ನಮ್ಮಲ್ಲಿ ಮಗ ನೂರು ದಿನ ಗಡ್ಡಕ್ಕೆ ಕತ್ತಿ ಮುಟ್ಟಿಸಂಗಿಲ್ಲ. ಇನ್ನ ಇಪ್ಪತ್ಮೂರೇ ದಿನ..."

"ಸತ್ತಿರೋದು ಅಲ್ಲಿ, ಕೆಲಸ ಇಲ್ಲಿ. ಗುರುವಾರ ಇದು ಹಿಂಗೇ ಇದ್ರೆ ಶುಕ್ರವಾರ ಅವನು ವಿಮಾನದಲ್ಲಿರ್ತಾನೆ. ಮುಂದಿನ ವರ್ಷ ನಿಮ್ಮ ದ್ವೀಪದಿಂದ ಒಂದು ನಾಯೀನೂ ತಗೊಳ್ಳಲ್ಲ. ಬೇರೆ ದ್ವೀಪದೋರು ಸಾಲುಗಟ್ಟಿ ನಿಂತಿದಾರೆ. ನೀನೇ ನಿಂತು ಬೋಳಿಸು."

ತಾನು ಏನು ಹೇಳುತ್ತಿದ್ದಾನೆಂದು ಕ್ಲೈವ್‌ಗೆ ಗೊತ್ತಿರಲಿಲ್ಲ. ಓಬೆದ್ ನನ್ನ ತಂಗಿಯ ಮಗ. ನೂರನೆಯ ದಿನ ಆ ಗಡ್ಡ ಬೋಳಿಸಬೇಕಾದ ಸೋದರಮಾವ ನಾನೇ. ಅವತ್ತು ಅವನು ನನಗೆ ಚಾಪೆ ಕೊಡಬೇಕು, ನಾನು ಅವನಿಗೆ ಹೆಗ್ಗೆಣಸು ಉಣಿಸಬೇಕು. ನಿನ್ನ ತಾಯಿಯನ್ನು ನಾವು ತವರಿಗೆ ಕರೆದುಕೊಂಡೆವು, ಇನ್ನು ನೀನು ಅಳಬೇಡ ಎಂದು ಅದರ ಅರ್ಥ. ಅದಕ್ಕೂ ಮೊದಲೇ ಬೋಳಿಸಿದರೆ ಸತ್ತವಳ ಕತ್ತು ಹಿಡಿದು ಹೊರಗೆ ದಬ್ಬಿದ ಹಾಗೆ.

ಭಾನುವಾರ ಪ್ರಾರ್ಥನೆ ಮುಗಿಸಿಕೊಂಡು ಲೇನಾಸೆ ನಮ್ಮ ಬಿಡಾರಕ್ಕೆ ಬಂದಳು. ತಗಡಿನ ಒಂದು ಕೋಣೆ, ಅದರಲ್ಲಿ ಆರು ಜನ. ತೆಂಗಿನ ಹಾಲಿನಲ್ಲಿ ಬೇಯಿಸಿದ ಕೆಸುವಿನ ಗೆಡ್ಡೆ ತಂದಿದ್ದಳು. ಹನ್ನೊಂದು ವರ್ಷ ನಮ್ಮ ದ್ವೀಪದ ದವಾಖಾನೆಗೆ ಅವಳೊಬ್ಬಳೇ ನರ್ಸು. ಹೋದ ವರ್ಷದಿಂದ ಇಲ್ಲಿನ ವೃದ್ಧಾಶ್ರಮದಲ್ಲಿ ಮುದುಕರಿಗೆ ಮೈ ತೊಳೆಯುತ್ತಾಳೆ.

ಓಬೆದ್ ತನ್ನ ಮಂಚ ಬಿಟ್ಟುಕೊಟ್ಟ. ಅವಳು ಕೂರಲಿಲ್ಲ.

"ಹೆಂಗಾಯ್ತು ಅಂತ ನಂಗ್ಯಾರೂ ಸರ್ಯಾಗಿ ಹೇಳ್ನಿಲ್ಲ," ಎಂದಳು.

"ಏನಿಲ್ಲ ಕಣಕ್ಕ. ಗೆಣಸಿನ ತೋಟ ಸವರಕ್ಕೆ ಊರಲ್ಲಿ ಗಂಡಸ್ರಿಲ್ವಲ್ಲ, ಅವ್ವನೇ ಕತ್ತಿ ಹಿಡ್ದವ್ಳೆ. ಕಾಲ್ಗೆ ತಗುಲ್ತು. ಬೆರಳುದ್ದ ಗಾಯ. ಏಳ್ನೇ ದಿನಕ್ಕೆ ದವಡೆ ಕಚ್ಕೋತಂತೆ."

"ಧನುರ್ವಾಯುಗೆ ಒಂದ್ ಸೂಜಿ ಚುಚ್ಚಿದ್ರೆ..." ಎಂದಳು ಲೇನಾಸೆ.

"ದವಾಖಾನೆ ಜಗುಲಿ ಮ್ಯಾಲೆ ಮಲಗಿಸಿದ್ರಂತೆ. ಬೀಗ ಹಾಕಿತ್ತು."

ಆ ದವಾಖಾನೆಗೆ ಹೊಸ ತಗಡು ಹೊದಿಸಿದವರು ನಾವೇ, ಇಲ್ಲಿ ದುಡಿದು, ಎಲ್ಲರೂ ದುಡ್ಡು ಕೂಡಿಸಿ. ರಜೆಗೆ ಊರಿಗೆ ಹೋದಾಗ ಮೊಳೆ ಹೊಡೆದವನು ನಾನು. ಬಿಳಿ ಬಣ್ಣ, ನೀರಿನ ತೊಟ್ಟಿ, ಬಾಗಿಲಿಗೆ ಹಿತ್ತಾಳೆಯ ಬೀಗ. ನನ್ನ ತಂಗಿ ಲೇವಿಯಾ ಆ ಬೀಗ ನೋಡುತ್ತಲೇ ಸತ್ತಳು. ಯಾರ ಮೇಲೆ ಸಿಟ್ಟಾಗಬೇಕೆಂದು ನನಗೆ ಇವತ್ತಿಗೂ ತಿಳಿಯುವುದಿಲ್ಲ.

"ನಂಗೆ ಒಂದ್ಸಲ ಬಯ್ದ್‌ಬುಡೋ ಓಬೆದ್," ಎಂದಳು ಲೇನಾಸೆ. "ಇಲ್ಲಿ ಒಂದ್ ಮುದುಕಿ ಮೈಮ್ಯಾಲೆ ಉಗುರು ಗೀರಿದ್ರೂ ನಾನು ಬರ್ದಿಡ್ಬೇಕು. ಮೂರ್ ಜನ ಬಂದು ನೋಡ್ತಾರೆ. ನಮ್ಮೂರ್ ದುಡ್ನಲ್ಲಿ ನಾನು ನರ್ಸ್ ಓದಿದ್ದು ಇದಕ್ಕಾ?"

"ಯಾಕಕ್ಕ ಬಯ್ಲಿ? ನಾವೂ ಬಂದಿಲ್ವಾ? ನಾವಿದ್ದಿದ್ರೆ ಅವ್ವ ಕತ್ತಿ ಹಿಡೀತಿರ್ನಿಲ್ಲ. ಕೂತ್ಕೋ, ಗೆಡ್ಡೆ ಆರೋಯ್ತದೆ."

ಅವಳು ಅಲ್ಲೇ ನೆಲದ ಮೇಲೆ ಕುಕ್ಕರಿಸಿದಳು. ಎಲ್ಲರೂ ಗೆಡ್ಡೆ ಹಂಚಿಕೊಂಡು ತಿಂದೆವು.

ಸೋಮವಾರ, ಮಂಗಳವಾರ, ಬುಧವಾರ ನಾನು ಏನೂ ಮಾಡಲಿಲ್ಲ. ಮಂಚದ ಮೇಲಿಂದ ಒಬ್ಬ, "ಊರಲ್ಲಿ ನಮ್ಮನೆ ಗ್ವಾಡೆ ಅರ್ಧಕ್ಕೆ ನಿಂತದೆ ಕಣಣ್ಣ, ನೋಡ್ಕೊಂಡು ಮಾಡು," ಎಂದ. ಇನ್ನೊಬ್ಬ, "ಅವ್ನ ಗಡ್ಡಕ್ಕೆ ನಮ್ಮೆಲ್ರ ಅನ್ನ ಹೋಯ್ತದಲ್ಲ," ಎಂದು ಗೋಡೆಯ ಕಡೆ ಹೊರಳಿದ. ಇಬ್ಬರ ಮಾತಿನಲ್ಲೂ ತಪ್ಪಿರಲಿಲ್ಲ.

ಗುರುವಾರ ಬೆಳಿಗ್ಗೆ ಕ್ಲೈವ್ ತಾನೇ ಕ್ಷೌರದ ಕತ್ತಿಯನ್ನೂ ನೊರೆಯ ಡಬ್ಬಿಯನ್ನೂ ತಂದ. "ಇಲ್ಲೇ ಆಗ್ಲಿ. ಎಲ್ರೂ ನೋಡ್ಲಿ," ಎಂದವನು, ಬೆಲ್ಟು ಮುಗಿಯುವ ಕಡೆ, ಸ್ವಿಚ್ಚಿನ ಪಕ್ಕ, ಒಂದು ಪೆಟ್ಟಿಗೆಯನ್ನು ಬೋರಲು ಹಾಕಿ ಓಬೆದನನ್ನು ಕೂರಿಸಿ ಹೋದ. ನಾನು ಅವನ ಮುಖಕ್ಕೆ ನೊರೆ ಬಳಿದೆ. ಇಪ್ಪತ್ತಾರು ವರ್ಷದ ಮುಖ ಒಂದೇ ಗಳಿಗೆಗೆ ಮುದುಕನದಾಯಿತು.

"ಬೋಳಿಸ್ಬುಡು ಮಾವ," ಎಂದ ಓಬೆದ್. "ಅವ್ವಂಗೆ ನಾನೇ ಹೇಳ್ಕೋತೀನಿ."

"ಏನಂತ ಹೇಳ್ತೀಯ್ಲಾ?"

"ಮಾವನ ಕೈ ಕಟ್ಟಾಕಿತ್ತು ಅಂತ."

ಕತ್ತಿಯನ್ನು ಅವನ ಕೆನ್ನೆಯವರೆಗೆ ಒಯ್ದೆ. ಅವನು ಕಣ್ಣು ಮುಚ್ಚಿದ. ಲೇವಿಯಾ ಚಿಕ್ಕಂದಿನಲ್ಲಿ ಜ್ವರದ ಔಷಧಿ ಕುಡಿಯುವಾಗ ಹೀಗೇ ಮುಚ್ಚುತ್ತಿದ್ದಳು. ನನ್ನ ಕೈ ಮುಂದೆ ಹೋಗಲಿಲ್ಲ.

ಅಷ್ಟರಲ್ಲಿ ಅವರೆಲ್ಲ ಒಳಗೆ ಬಂದರು. ಮುಂದೆ ಕ್ಯಾಮೆರಾದವನು. ಅವನ ಹಿಂದೆ, ಟೈ ಕಟ್ಟಿಕೊಂಡು, ಕೆನ್ನೆ ನುಣ್ಣಗೆ ಮಾಡಿಕೊಂಡು, ನಮ್ಮದೇ ಬಣ್ಣದ, ನಮ್ಮದೇ ಸರ್ಕಾರದ ಅಧಿಕಾರಿ. "ಈ ನಮ್ಮ ಹುಡುಗರ ಬೆವರಿನಿಂದಲೇ ಇವತ್ತು ನಮ್ಮ ಹಳ್ಳಿಗಳು ಅಭಿವೃದ್ಧಿ ಕಾಣುತ್ತಿವೆ," ಎನ್ನುತ್ತಾ ಬಂದವನು ನೊರೆ ಮೆತ್ತಿದ ಓಬೆದನನ್ನು ಕಂಡು ನಿಂತ.

"ಇನ್ನೂ ಆಗಿಲ್ವೇನೋ ಸೂಳೆಮಗನೆ?" ಕ್ಲೈವ್ ನನ್ನ ಕಿವಿಯ ಹತ್ತಿರ ಹಲ್ಲು ಕಡಿದ.

ನಾನು ಕತ್ತಿಯನ್ನು ಅಂಗೈ ಮೇಲಿಟ್ಟು ಅವನ ಮುಂದೆ ಹಿಡಿದೆ.

"ನೀನೇ ಬೋಳಿಸು. ನಮ್ಮಲ್ಲಿ ಬೋಳಿಸ್ದೋನೇ ತಾಯಿ ಕಡೆಯೋನು. ಆಮ್ಯಾಕೆ ಅವ್ಳ ಸಾವು ನಿಂದು. ಈ ಮಗಂಗೆ ಉಣ್ಸೋದೂ ನಿಂದು."

"ಏನು ಬೊಗಳ್ತಿದೀಯ?"

ಕತ್ತಿ ಹಿಡಿದ ಕೈಯನ್ನು ಅಧಿಕಾರಿಯ ಕಡೆ ತಿರುಗಿಸಿದೆ. "ಅವ್ನಿಗೆ ತಿಳೀದು. ನಿಮ್ಗೆ ತಿಳೀತದಲ್ಲ ಸ್ವಾಮಿ. ಔಷ್ದಿ ಇಲ್ದೆ ಸತ್ಲು ಇವ್ರವ್ವ. ದವಾಖಾನೆ ಐತೆ, ಹೊಸ ಬಣ್ಣ ಬಳ್ದೀವಿ, ಅದ್ರ ನರ್ಸು ಈ ಊರಲ್ಲವ್ಳೆ. ಅಭಿವೃದ್ಧಿ ಆಗದೆ ಅಂತೀರಲ್ಲ, ತಗಳಿ. ನೀವು ಬೋಳಿಸಿ."

ಅಧಿಕಾರಿಯ ಕೈ ತಾನಾಗಿ ತನ್ನ ನುಣ್ಣನೆಯ ಕೆನ್ನೆಗೆ ಹೋಯಿತು. ಆಮೇಲೆ, ಟೈ ಕಟ್ಟಿದವರ ಮಾತು ಬಿಟ್ಟು, ನಮ್ಮ ಮಾತಿನಲ್ಲಿ, ತಗ್ಗಿದ ದನಿಯಲ್ಲಿ ಕೇಳಿದ.

"ಎಷ್ಟನೇ ದಿನಾನಣ್ಣ?"

"ಎಂಬತ್ತೆರಡು."

ಅವನು ಎರಡು ಹೆಜ್ಜೆ ಹಿಂದೆ ಸರಿದ. ಕತ್ತಿ ನನ್ನ ಅಂಗೈ ಮೇಲೇ ಉಳಿಯಿತು. ಓಬೆದನ ಗಡ್ಡದ ಮೇಲೆ ನೊರೆ ಒಣಗತೊಡಗಿತ್ತು.

ಆಗ ಮೆಣಸಿನಕಾಯಿ ನೆಲಕ್ಕೆ ಬಿದ್ದ ಸದ್ದಾಯಿತು. ಒಂದು, ಮತ್ತೊಂದು, ಆಮೇಲೆ ಸಾಲಾಗಿ. ತಿರುಗಿ ನೋಡಿದೆ. ನಮ್ಮ ಮಿಕ್ಕ ಹದಿನೆಂಟು ಜನವೂ ಕೈ ಕೆಳಗೆ ಬಿಟ್ಟು ನಿಂತಿದ್ದರು. ಮನೆಯ ಗೋಡೆ ಅರ್ಧಕ್ಕೆ ನಿಂತಿದೆ ಎಂದವನೂ ಅವರಲ್ಲಿದ್ದ. ಬೆಲ್ಟು ಮಾತ್ರ ಓಡುತ್ತಲೇ ಇತ್ತು.

"ನಿಲ್ಸ್ರೋ! ಯಾರಾದ್ರೂ ನಿಲ್ಸ್ರೋ ಅದನ್ನ!" ಕ್ಲೈವ್ ಅರಚುತ್ತಿದ್ದ.

ಬೆಲ್ಟು ನಿಲ್ಲಿಸುವ ಸ್ವಿಚ್ಚು ನನ್ನ ಮೊಣಕೈಗೆ ತಾಗಿಕೊಂಡೇ ಇತ್ತು. ನಾನು ಅಲುಗಲಿಲ್ಲ.