ಗೋಡೆಯ ಗೆರೆಯ ಮೇಲೆ ಚೆಂಡು

ನನಗೆ ಬುದ್ಧಿ ಬಂದಾಗಿನಿಂದ ಎರಡು ಕೇರಿಯವರೂ ಒಂದೇ ಬಾಯಲ್ಲಿ ಒಪ್ಪಿದ ಮಾತು ಒಂದೇ ಒಂದು: ನಡುವಿನ ಬಯಲಿಗೆ ಅಡ್ಡಲಾಗಿ ಗೋಡೆ ಏಳಬೇಕು.

ಬಯಲಿನ ಈಚೆ ನಮ್ಮ ಮಗ್ಗದ ಕೇರಿ. ಬೆಳಗಿನಿಂದ ಸಂಜೆಯವರೆಗೆ ಶೆಡ್ಡುಗಳಲ್ಲಿ ಯಂತ್ರದ ಮಗ್ಗಗಳು ಖಟಪಟ ಬಡಿಯುತ್ತಲೇ ಇರುತ್ತವೆ. ಆಚೆ ಗೂಡಿನ ಕೇರಿ. ಇಟ್ಟಿಗೆ ಸುಡುವವರು, ಗೋಡೆ ಕಟ್ಟುವವರು. ಹೋದ ವರ್ಷ ನಾವು ಬಯಲಲ್ಲಿ ಒಣಹಾಕಿದ್ದ ಬಿಳಿ ನೂಲಿನ ಮೇಲೆ ಗೂಡಿನ ಮಸಿ ಬಂದು ಕೂತಿತು. ಬೇಕೆಂದೇ ಮಾಡಿದ್ದು ಅಂತ ನಮ್ಮವರು. ಗಾಳಿಗೆ ನಾವು ಯಜಮಾನರಾ ಅಂತ ಅವರು. ಮಾತಿಗೆ ಮಾತು ಬೆಳೆದು, ಕೈಗೆ ಕೈ ಹತ್ತಿ, ಒಬ್ಬರ ಮುಖ ಒಬ್ಬರು ನೋಡದ ಹಾಗಾಯಿತು. ಕೊನೆಗೆ ನಮ್ಮ ಕೇರಿಯ ಹಿರಿಯರಾದ ದೊಡ್ಡಪ್ಪ ಗೋಡೆಯ ಮಾತೆತ್ತಿದರು. ಇಟ್ಟಿಗೆ ನಮ್ಮದೇ, ಕಟ್ಟುವ ಕೈಯೂ ನಮ್ಮದೇ ಎಂದು ಗೂಡಿನ ಮೇಸ್ತ್ರಿ ಹೇಳಿ ಕಳಿಸಿದರು. ಬಯಲಿನ ನಡುವೆ ಸುಣ್ಣದ ಗೆರೆ ಬಿತ್ತು, ಅದರ ಪಕ್ಕ ಇಟ್ಟಿಗೆ ರಾಶಿ ಬಿತ್ತು.

ಆ ಮೇಸ್ತ್ರಿಯ ಮಗಳೇ ನನ್ನ ಅತ್ತಿಗೆ.

ಜಗಳಕ್ಕೆ ಎಷ್ಟೋ ಮುಂಚೆ ನಮ್ಮ ಮನೆಗೆ ಬಂದವಳು. ಬಂದ ಹೊಸದರಲ್ಲೇ ಶೆಡ್ಡಿಗೆ ಹೋಗಿ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಲು ಕೂತಳು. ಆ ಸದ್ದಿನಲ್ಲಿ ಬಾಯಿಮಾತು ನಡೆಯುವುದಿಲ್ಲ. ಅಲ್ಲಿ ಎಲ್ಲರದೂ ಕೈಮಾತು. ಎರಡು ಬೆರಳು ಹಿಡಿದು ಬಿಡಿಸಿದರೆ ಎಳೆ ತುಂಡಾಯಿತು ಅಂತ. ಅಂಗೈ ಮಗುಚಿದರೆ ಮಗ್ಗ ನಿಲ್ಲಿಸು ಅಂತ. ಅತ್ತಿಗೆ ಅದನ್ನು ಅಲ್ಲೇ ಹುಟ್ಟಿದವರ ಹಾಗೆ ಕಲಿತಳು. ಆದರೆ ಜಗಳವಾದ ಮೇಲೆ ತವರಿನ ಹೊಸಿಲು ತುಳಿಯಲಿಲ್ಲ. ಹೋಗಬೇಡ ಅಂತ ಯಾರೂ ಅನ್ನಲಿಲ್ಲ. ಹೋಗಿ ಬಾ ಅಂತಲೂ ಯಾರೂ ಅನ್ನಲಿಲ್ಲ. ಅಡುಗೆಮನೆಯ ಕಿಟಕಿಯಿಂದ ಬಯಲಿನಾಚೆ ಅವಳ ತಾಯಿ ಬಟ್ಟೆ ಒಣಹಾಕುವುದು ಕಾಣುತ್ತಿತ್ತು. ಪಾತ್ರೆ ತೊಳೆಯುವ ನೆಪದಲ್ಲಿ ಅಷ್ಟನ್ನು ನೋಡುತ್ತಿದ್ದಳು. ಗೋಡೆ ಎದ್ದರೆ ಅದೂ ಇಲ್ಲ.

ಇಟ್ಟಿಗೆ ಬಿದ್ದ ದಿನ ಊಟಕ್ಕೆ ಬಡಿಸುತ್ತಾ ಅವಳು, ಗೋಡೆ ಕಟ್ಟುವ ಮುಂಚೆ ಆ ಬಯಲಲ್ಲಿ ಎರಡು ಕೇರಿಯವರಿಗೂ ಒಂದು ಫುಟ್‌ಬಾಲ್ ಆಟ ಆಡಿಸಬೇಕು ಅಂದಳು. ಅಣ್ಣ ತುತ್ತು ಹಿಡಿದುಕೊಂಡೇ ಉಳಿದ. ಅಮ್ಮ ಮಾತ್ರ, ಹೋದ ವರ್ಷ ಕೈಯಲ್ಲಿ ಹೊಡೆದಾಡಿದ್ದು ಸಾಲದೇ, ಈ ವರ್ಷ ಕಾಲಲ್ಲಿ ಹೊಡೆದಾಡಲಿ ಅಂತಲೇ ಎಂದು ಕೇಳಿದಳು.

"ಹೂಂ ಅತ್ತೆ," ಅಂದಳು ಅತ್ತಿಗೆ. "ಕಾಲಲ್ಲಾದರೆ ನಡುವೆ ಚೆಂಡು ಇರುತ್ತೆ."

ಮಾರನೇ ದಿನ ದೊಡ್ಡಪ್ಪನ ಜಗಲಿಗೆ ಹೋದಳು. ಅವರು ನಕ್ಕುಬಿಟ್ಟರು. ಮಣ್ಣು ತುಳಿಯೋದು ಬಿಟ್ಟು ಆ ಕಾಲುಗಳಿಗೆ ಇನ್ನೇನು ಬರುತ್ತೆ ಅಂದರು. ಅತ್ತಿಗೆ ಆ ಮಾತನ್ನು ಅಂಚೆಯಣ್ಣನ ಬಾಯಲ್ಲಿ ತನ್ನ ಅಪ್ಪನಿಗೆ ಮುಟ್ಟಿಸಿದಳು. ಅಂಚೆಯಣ್ಣ ಎರಡು ಕೇರಿಗೂ ಹೋಗಿ ಬರುವ ಒಬ್ಬನೇ ಮನುಷ್ಯ. ಅವನು ತಂದ ಉತ್ತರ: ಹಗಲೆಲ್ಲ ಕೂತು ನೂಲು ಎಳೆಯೋರಿಗೆ ಕಾಲು ಅಂತ ಇದೆಯಾ? ಇದನ್ನು ಅತ್ತಿಗೆ ದೊಡ್ಡಪ್ಪನಿಗೆ ಒಪ್ಪಿಸಿದಳು. ಪದ್ಯ ಒಪ್ಪಿಸುವವರ ಹಾಗೆ, ಒಂದಕ್ಷರ ಸೇರಿಸಲಿಲ್ಲ, ಒಂದಕ್ಷರ ಬಿಡಲಿಲ್ಲ. ಮಾತು ಹೀಗೆ ಅತ್ತಿಂದಿತ್ತ ಓಡಾಡಿದ ಮೇಲೆ ಎರಡು ಕೇರಿಯ ಹುಡುಗರೂ ತಾವಾಗಿಯೇ ಕಾಲು ಉಜ್ಜಿಕೊಳ್ಳತೊಡಗಿದರು. ಹಿರಿಯರು ಬೇಡ ಅನ್ನುವ ಹಾಗಿರಲಿಲ್ಲ. ಬೇಡ ಅಂದವರೇ ಹೆದರಿದವರಾಗುತ್ತಿದ್ದರು.

ಅತ್ತಿಗೆ ಒಂದು ಕರಾರು ಹಾಕಿದಳು. ಒಬ್ಬರ ಮೇಲೊಬ್ಬರು ಕೈ ಮಾಡದೆ ಆಟ ಮುಗಿದರೆ ಗೋಡೆ ಏಳಬಾರದು. ಹೊಡೆದಾಟವಾದರೆ ಆ ಸಂಜೆಯೇ ಕಟ್ಟಲಿ, ಬೇಕಾದರೆ ಇನ್ನೊಂದು ಆಳು ಎತ್ತರ ಕಟ್ಟಲಿ. ದೊಡ್ಡಪ್ಪ ಕೂಡಲೇ ಒಪ್ಪಿದರು, ಮೇಸ್ತ್ರಿಯೂ ಒಪ್ಪಿದರು. ಹೊಡೆದಾಟ ಆಗಿಯೇ ಆಗುತ್ತೆ ಅಂತ ಇಬ್ಬರಿಗೂ ಅಷ್ಟು ನಂಬಿಕೆ.

ಭಾನುವಾರ ಬಂತು. ಗೋಡೆಗೆಂದು ಎಳೆದಿದ್ದ ಸುಣ್ಣದ ಗೆರೆಯೇ ನಡುಗೆರೆಯಾಯಿತು. ಗೋಡೆಗೆ ತಂದ ಇಟ್ಟಿಗೆಗಳನ್ನೇ ನಾಲ್ಕು ಕಡೆ ಪೇರಿಸಿ ಗೋಲಿನ ಕಂಬ ಮಾಡಿದರು. ವಿಸಿಲ್ ಅಂಚೆಯಣ್ಣನ ಕುತ್ತಿಗೆಯಲ್ಲಿ. ನಾನು ಅತ್ತಿಗೆಯ ಪಕ್ಕ ನಿಂತೆ. ನಾನು ಶೆಡ್ಡಿನ ಕೆಲಸಕ್ಕೆ ಹೋದವನಲ್ಲ; ಪ್ರಾರ್ಥನೆಯ ಮನೆ ಗುಡಿಸಿ, ದೀಪ ಹಚ್ಚಿ, ಪದ್ಯ ಓದುವವರ ಹಿಂದೆ ಕೂತು ಕೇಳುವುದೇ ನನ್ನ ಬದುಕು.

ಗೂಡಿನವರು ಬರಿಗಾಲಲ್ಲಿ ಆಡಿದರು, ಕೂಗಾಡುತ್ತಾ ಆಡಿದರು. ನಮ್ಮವರದು ತುಟಿ ಪಿಟಕ್ಕೆನ್ನದ ಆಟ, ಮಾತೆಲ್ಲಾ ಕೈಯಲ್ಲೇ. ಚೆಂಡು ತಪ್ಪಿಹೋದಾಗ ಎರಡು ಬೆರಳು ಬಿಡಿಸುವರು. ಅದನ್ನು ಕಂಡು ಆಚೆಯ ಹೆಂಗಸರು, ನಮಗೇನೋ ಹೊಲಸು ಸನ್ನೆ ಮಾಡ್ತಿದ್ದಾರೆ ಅಂತ ಗುಸುಗುಟ್ಟಿದರು. ನಮ್ಮಲ್ಲಿ ಲಾಳಿ ಅಂತ ಅಡ್ಡಹೆಸರಿನವನೊಬ್ಬ. ಮಗ್ಗದ ಲಾಳಿಯ ಹಾಗೆ, ಅತ್ತ ಹೋದ ಅನ್ನುವಷ್ಟರಲ್ಲಿ ಇತ್ತ ಇರುವ ಕಾಲು ಅವನದು. ಅವರ ಗೋಲು ಕಾಯುತ್ತಿದ್ದವನು ಅತ್ತಿಗೆಯ ಸ್ವಂತ ತಮ್ಮ. ಅವರು ಎರಡು ಗೋಲು ಹಾಕಿದರು, ನಾವು ಒಂದು.

ಆಗ ಚೆಂಡು ಅವರ ಗೋಲಿನ ಪಕ್ಕದಲ್ಲೇ ಅಂಚು ದಾಟಿ ಹೊರಗೆ ಹೋಯಿತು. ಅಂಚೆಯಣ್ಣ ವಿಸಿಲ್ ಊದಿದ. ಆಟ ನಿಂತಿತೆಂದು ಅತ್ತಿಗೆಯ ತಮ್ಮ ಬಗ್ಗಿ ಚೆಂಡು ಎತ್ತಿಕೊಳ್ಳಲು ಹೋದ. ಲಾಳಿ ನಿಲ್ಲಲಿಲ್ಲ. ಓಡಿ ಬಂದವನು ಅದೇ ಓಟದಲ್ಲಿ ಒದ್ದ. ಚೆಂಡು ತಮ್ಮನ ಮೂಗಿಗೆ ಬಡಿಯಿತು. ಮೂಗಿನಿಂದ ರಕ್ತ ಸುರಿಯಿತು.

ಎರಡು ಕೇರಿಯವರೂ ಒಳಗೆ ನುಗ್ಗಿದರು. ವಿಸಿಲ್ ಊದಿದ ಮೇಲೂ ಒದ್ದ ಅಂತ ಅವರು. ವಿಸಿಲ್ ಊದಲೇ ಇಲ್ಲ ಅಂತ ನಮ್ಮವರು. ನಮ್ಮವರು ಅದನ್ನು ಆಣೆಯಿಟ್ಟು ಹೇಳುತ್ತಿದ್ದರು, ಒಬ್ಬಿಬ್ಬರಲ್ಲ, ಇಡೀ ಕೇರಿ. ಅಂಚೆಯಣ್ಣ ಹೌಹಾರಿ ಹೋದ. ದೊಡ್ಡಪ್ಪ ಅವನಿಗೆ ಬೆರಳು ತೋರಿಸಿ, ಸುಳ್ಳುಗಾರ, ಅವರ ಕಡೆ ಸೇರಿಕೊಂಡೆಯಾ ಅಂದರು. ಇಟ್ಟಿಗೆಯ ಕಂಬ ಕುಸಿಯಿತು. ಒಬ್ಬಿಬ್ಬರ ಕೈಗೆ ಇಟ್ಟಿಗೆ ಬಂತು.

ಅತ್ತಿಗೆ ನನ್ನ ಕಡೆ ತಿರುಗಿದಳು. ಬಾಯಿ ತೆರೆಯದೆ, ಕೈಯಲ್ಲೇ ಕೇಳಿದಳು: ಊದಿದನಾ?

ನಾನು ಹೂಂ ಅಂತ ತಲೆಯಾಡಿಸಿದೆ.

ಅವಳಿಗೂ ಕೇಳಿಸಿರಲಿಲ್ಲ. ಅದು ಅವಳ ಮುಖದಲ್ಲಿ ಇಳಿಯುವುದನ್ನು ನಾನು ಕಂಡೆ. ನನಗೂ ಆಗಲೇ ತಿಳಿದದ್ದು. ಪ್ರಾರ್ಥನೆಯ ಮನೆಯಲ್ಲಿ ನಮ್ಮ ಹಿರಿಯರು, ಈಗಿನ ಕಾಲದವರು ಪದ್ಯದ ಸಾಲಿನ ಕೊನೆ ನುಂಗುತ್ತಾರೆ ಅಂತ ಯಾವಾಗಲೂ ಬೈಯುತ್ತಿದ್ದರು. ಓದುವವರು ಒಂದು ಅಕ್ಷರವನ್ನೂ ನುಂಗುತ್ತಿರಲಿಲ್ಲ, ನುಂಗಿದ್ದು ಮಗ್ಗ. ಸಣ್ಣ ದನಿಗಳು, ಚೂಪು ದನಿಗಳು ಇವರ ಕಿವಿಯಿಂದ ಒಂದೊಂದೇ ಎದ್ದು ಹೋಗಿದ್ದವು. ಎಲ್ಲರದೂ ಹೋಗಿದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ. ಎಲ್ಲರೂ ಕೂಗಿಯೇ ಮಾತಾಡುವ ಕೇರಿಯಲ್ಲಿ ಕಿವಿ ಮಂದವಾದದ್ದು ಹೇಗೆ ತಿಳಿಯಬೇಕು?

ಅತ್ತಿಗೆ ಅಂಚೆಯಣ್ಣನ ಕುತ್ತಿಗೆಯಿಂದ ವಿಸಿಲ್ ತೆಗೆದುಕೊಂಡಳು. ದೊಡ್ಡಪ್ಪ ಗೂಡಿನವರ ಕಡೆ ಮುಖ ಮಾಡಿ ಕೂಗಾಡುತ್ತಿದ್ದರು. ಸೀದಾ ಅವರ ಬೆನ್ನ ಹಿಂದೆ ಹೋಗಿ ನಿಂತು, ಕೆನ್ನೆ ಉಬ್ಬಿಸಿ ಊದಿದಳು.

ಗೂಡಿನವರೆಲ್ಲ ಬೆಚ್ಚಿ ಕಿವಿ ಮುಚ್ಚಿಕೊಂಡರು. ದೊಡ್ಡಪ್ಪ ಅರ್ಧ ಮಾತಿನಲ್ಲಿದ್ದರು. ಉಳಿದರ್ಧವನ್ನೂ ತಡೆಯಿಲ್ಲದೆ ಮುಗಿಸಿದರು. ಎದುರಿನವರು ಯಾಕೆ ಕಿವಿ ಮುಚ್ಚಿಕೊಂಡರು ಅಂತ ಅವರಿಗೆ ಅರ್ಥವಾಗಲಿಲ್ಲ. ಅತ್ತಿಗೆ ಮತ್ತೆ ಊದಿದಳು, ಉದ್ದಕ್ಕೆ. ನಮ್ಮ ಸಾಲಿನಲ್ಲಿ ಒಬ್ಬರೂ ಹೊರಳಿ ನೋಡಲಿಲ್ಲ. ಇಟ್ಟಿಗೆ ಎತ್ತಿದ್ದವನೊಬ್ಬ ಅದನ್ನು ಸದ್ದಾಗದ ಹಾಗೆ ಕೆಳಗಿಟ್ಟ.

ದೊಡ್ಡಪ್ಪ ತಿರುಗಿ ಅವಳ ಬಾಯಲ್ಲಿದ್ದ ವಿಸಿಲ್ ನೋಡಿದರು. ಅವರ ಮುಖ ಕೆಂಪಾಯಿತು.

"ಇಡೀ ಕೇರೀನ ಕಿವುಡರು ಅಂತ ಇವರ ಮುಂದೆ ನಿಲ್ಲಿಸಿದೆಯಲ್ಲ," ಅಂದರು. "ಉಂಡ ಮನೆಗೆ ಇದೇನಾ ನೀನು ಕೊಡೋದು?"

"ಸುಳ್ಳರು ಅನ್ನಿಸಿಕೊಳ್ಳೋದಕ್ಕಿಂತ ಕಿವುಡರು ಅನ್ನಿಸಿಕೊಳ್ಳೋದು ಮೇಲು ಮಾವ," ಅಂದಳು ಅತ್ತಿಗೆ. "ನನಗೂ ಕೇಳಿಸಲಿಲ್ಲ. ನಾನೂ ಅದೇ ಶೆಡ್ಡಲ್ಲಿ ಕೂತವಳು. ಎರಡು ಕೇರಿಯವರೂ ಸುಳ್ಳು ಹೇಳಲಿಲ್ಲ. ಈಗ ಆಟ ಮುಗಿಸೋಣ."

ದೊಡ್ಡಪ್ಪ ಮಾತ್ರ, ಆಟ ಮುಗಿಯಿತು, ರಕ್ತ ಬಿತ್ತು, ಕರಾರು ಮುರಿಯಿತು, ನಾಳೆ ಬೆಳಿಗ್ಗೆ ಗೋಡೆಗೆ ಪಾಯ ಅಂತ ಎಲ್ಲರಿಗೂ ಕೇಳುವ ಹಾಗೆ ಸಾರಿದರು. ಮೇಸ್ತ್ರಿಯೂ ಸುಮ್ಮನೆ ನಿಂತಿದ್ದರು. ಅಳಿಯನ ಕೇರಿಯ ಹಿರಿಯನ ಮಾತಿಗೆ ಇಲ್ಲ ಅನ್ನಲು ಅವರಿಗೆ ಬಾಯಿ ಬರಲಿಲ್ಲವೋ, ಮನಸ್ಸೇ ಇರಲಿಲ್ಲವೋ, ನಾನು ಹೇಳಲಾರೆ.

ಆಗ ಅತ್ತಿಗೆಯ ತಮ್ಮ ಎದ್ದು ಬಂದ. ಯಾರೋ ನೂಲಿನ ಉಂಡೆ ಮಾಡಿ ಕೊಟ್ಟಿದ್ದನ್ನು ಮೂಗಿಗೆ ತುರುಕಿಕೊಂಡಿದ್ದ. ಮಾತು ಮೂಗಿನಲ್ಲೇ ಬಂತು.

"ಯಜಮಾನರೇ, ಮೂಗು ಒಡೆದದ್ದು ನನ್ನದು. ಅದಕ್ಕೆ ಜಗಳ ತೆಗೆಯೋ ಹಕ್ಕೂ ನನ್ನದೇ. ನಾನು ತೆಗೆಯೋದಿಲ್ಲ. ಇನ್ನು ಗೋಡೆ ಅಂದಿರಿ. ಅದನ್ನು ಕಟ್ಟೋಕೆ ಕರಣೆ ಹಿಡಿಯೋನೂ ನಾನೇ. ಅದೂ ಹಿಡಿಯೋದಿಲ್ಲ."

ದೊಡ್ಡಪ್ಪ ಮೇಸ್ತ್ರಿಯ ಮುಖ ನೋಡಿದರು. ಮೇಸ್ತ್ರಿ ಮಗನನ್ನು ನೋಡಿದರು, ಆಮೇಲೆ ಮಗಳನ್ನು. ಅವನು ಕೈ ಹಾಕದ ಗೋಡೆಗೆ ನಮ್ಮ ಕೇರಿಯಲ್ಲಿ ಇನ್ನೊಂದು ಕೈ ಸಿಗೋದಿಲ್ಲ ಯಜಮಾನರೇ, ಅಂತ ಮೆಲ್ಲಗೆ ಹೇಳಿದರು. ದೊಡ್ಡಪ್ಪನಿಗೆ ಅದು ಕೇಳಿಸಲಿಲ್ಲ. ಅಂಚೆಯಣ್ಣ ಗಟ್ಟಿಯಾಗಿ ಹೇಳಬೇಕಾಯಿತು.

ಹಾಗಾದರೆ ಬೇರೆ ಊರಿನಿಂದ ಗಾರೆಯವರನ್ನು ಕರೆಸುತ್ತೇನೆ ಅಂದರು ದೊಡ್ಡಪ್ಪ.

"ಕರೆಸಿ ಮಾವ," ಅಂದಳು ಅತ್ತಿಗೆ. "ಬರೋ ಭಾನುವಾರ ಮತ್ತೆ ಆಟ ಇದೆ. ಅದರ ಮುಂದಿನ ಭಾನುವಾರವೂ. ಬಂದವರಿಗೂ ಆಡೋಕೆ ಜಾಗ ಕೊಡ್ತೀವಿ."

ಅಲ್ಲಿ ಲಾಳಿ ಮೊದಲು ನಕ್ಕ. ಅವನು ಅತ್ತಿಗೆಯ ತಮ್ಮನ ಹತ್ತಿರ ಹೋಗಿ ಎದೆ ಮುಟ್ಟಿಕೊಂಡು ಕೈಯಲ್ಲಿ ಏನೋ ಹೇಳಿದ. ಏನು ಬೈದ ಅಂತ ಇವನು ಅಕ್ಕನನ್ನು ಕೇಳಿದ. ತಪ್ಪಾಯಿತು ಅಂದ, ಆದರೂ ನಿನ್ನ ಮೂಗು ದೊಡ್ಡದು, ತಪ್ಪಿಸಿ ಒದೆಯೋದು ಕಷ್ಟ ಅಂದ, ಅಂತ ಅತ್ತಿಗೆ ಬಿಡಿಸಿ ಹೇಳಿದಳು. ಅಂಚೆಯಣ್ಣ ವಿಸಿಲನ್ನು ಜೇಬಿಗೆ ಹಾಕಿ, ಕೈಯಲ್ಲಿ ಕೆಂಪು ಬಟ್ಟೆಯ ತುಂಡು ಹಿಡಿದ. ಉಳಿದ ಆಟ ಬಟ್ಟೆ ಬೀಸಿಯೇ ನಡೆಯಿತು. ನಾವು ಸೋತೆವು. ದೊಡ್ಡಪ್ಪ ಕೊನೆಯವರೆಗೂ ನಿಂತಿದ್ದರು, ಬೆನ್ನು ತಿರುಗಿಸಿಕೊಂಡು. ಅವರು ಸೋಲೊಪ್ಪಲಿಲ್ಲ, ಇವತ್ತಿಗೂ ಒಪ್ಪಿಲ್ಲ. ಗಾರೆಯವರನ್ನು ಹುಡುಕುತ್ತಲೇ ಇದ್ದಾರೆ.

ಜನ ಚದುರುವಾಗ ಅತ್ತಿಗೆ ನಮ್ಮ ಮನೆಯ ಕಡೆ ಬರಲಿಲ್ಲ. ಆಚೆ ಹೊರಟಳು. ಅಮ್ಮ ಹಿಂದಿನಿಂದ ಕೂಗಿ, ಹೊತ್ತು ಮುಳುಗ್ತಾ ಇದೆ, ಮನೇಲಿ ಅಡುಗೆ ಯಾರು ಮಾಡ್ತಾರೆ ಅಂತ ಕೇಳಿದಳು.

ಅತ್ತಿಗೆ ನಿಂತು ತಿರುಗಿದಳು. "ನಿಮ್ಮ ಮಗ ಮಾಡ್ತಾರೆ ಅತ್ತೆ. ನಾನು ಅಮ್ಮನ ಕೈಯೂಟ ಮಾಡಿ ಬರ್ತೀನಿ."

ಎರಡು ಕೇರಿಯೂ ನೋಡುತ್ತಿತ್ತು. ಅಣ್ಣ ಅಷ್ಟರಲ್ಲಿ ತೋಳು ಮಡಿಸಿಕೊಳ್ಳುತ್ತಾ ಮನೆಯ ಕಡೆ ನಡೆದಾಗಿತ್ತು.

ಅವನು ಬೇಯಿಸಿದ್ದು ಬೆಂದಿರಲಿಲ್ಲ. ನಾವು ಮೂವರೂ ಅದನ್ನೇ ಉಂಡೆವು.